ಕೈಗೊಂದು ಕೆಲಸ ಕೊಡಿ: ಸ್ಕೋರು ಬರೆಯುವುದು, ತಾಳ ಹಾಕುವುದು, ಸುಳಿವು ಹೆಕ್ಕುವುದು

ಮಧ್ಯಾಹ್ನ ಕ್ರಿಕೆಟ್, ಸಂಜೆ ಸಂಗೀತ ಕಚೇರಿ, ರಾತ್ರಿ ಮಲಗುವ ಮುಂಚೆ ಪತ್ತೇದಾರಿ ಕಾದಂಬರಿ. ಈ ಮೂರೂ ಹವ್ಯಾಸ ಒಟ್ಟಿಗೇ ಇರುವವರು ನಮ್ಮಲ್ಲಿ ಬಹಳ ಮಂದಿ. ಯಾವುದರಲ್ಲೂ ಪಂಡಿತರಾಗಬೇಕೆಂಬ ಹಟ ಅವರಿಗಿರುವುದಿಲ್ಲ. ಅದು ಬೇಕಾಗಿಯೂ ಇಲ್ಲ. ಆದರೆ ಪಂದ್ಯ ಮುಗಿದ ಮಾರನೇ ದಿನ ಹನ್ನೆರಡನೇ ಓವರಿನಲ್ಲಿ ಏನಾಯಿತೆಂದು ಕೇಳಿದರೆ ನೆನಪಿರುವುದಿಲ್ಲ. ಕಚೇರಿಯಿಂದ ಬಂದ ಮೇಲೆ ಮೂರನೆಯದಾಗಿ ಹಾಡಿದ್ದು ಯಾವ ರಾಗವೆಂದು ಹೊಳೆಯುವುದಿಲ್ಲ. ಕಾದಂಬರಿಯ ಕೊನೆಯಲ್ಲಿ ಕೊಲೆಗಾರ ಸಿಕ್ಕಿಬಿದ್ದಾಗ ‘ಈತ ಯಾರು, ಎಲ್ಲಿ ಬಂದಿದ್ದ?’ ಎಂದು ಹಿಂದಿನ ಪುಟ ತಿರುವಬೇಕಾಗುತ್ತದೆ. ನೋಡುವಾಗ, ಕೇಳುವಾಗ, ಓದುವಾಗ ಕೈ ಸುಮ್ಮನಿದ್ದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಕೈಗೆ ಸರಿಯಾದ ಕೆಲಸ ಕೊಟ್ಟರೆ ಗಮನ ತಾನಾಗಿ ನಿಲ್ಲುತ್ತದೆ. ಆ ಕೆಲಸ ಏನು, ಹೇಗೆ ಮಾಡಬೇಕು, ಎಲ್ಲಿ ತಪ್ಪುತ್ತದೆ ಎನ್ನುವುದು ಇಲ್ಲಿದೆ.

ಬೇಕಾಗುವ ಸಾಮಾನು ಸ್ವಲ್ಪವೇ. 200 ಪುಟದ, ಲೆಕ್ಕಕ್ಕೆ ಬಳಸುವ ಚೌಕದ ಗೆರೆಗಳಿರುವ ಒಂದು ನೋಟ್‌ಬುಕ್, ಎರಡು ಎಚ್‌ಬಿ ಪೆನ್ಸಿಲ್, ರಬ್ಬರು, ಸ್ಕೇಲು, ಕೈಗಡಿಯಾರ. ಪುಸ್ತಕದ ಮುಂದಿನ ಅರ್ಧ ಕ್ರಿಕೆಟ್‌ಗೆ, ಹಿಂದಿನಿಂದ ತಿರುಗಿಸಿ ಹಿಡಿದರೆ ಸಂಗೀತಕ್ಕೆ. ಕಾದಂಬರಿಗೆ ಬಿಡಿ ಹಾಳೆಯೇ ಒಳ್ಳೆಯದು, ಏಕೆಂದರೆ ಅದನ್ನು ಮಡಚಿ ಪುಸ್ತಕದೊಳಗೇ ಇಟ್ಟುಕೊಳ್ಳಬಹುದು.

ಸ್ಕೋರು ಬರೆಯುವುದು

ಮೊಬೈಲಿನಲ್ಲಿ ಎಸೆತ ಎಸೆತಕ್ಕೂ ಸ್ಕೋರು ಬರುವಾಗ ಕೈಯಲ್ಲಿ ಬರೆಯುವುದೇಕೆ ಎನ್ನಬಹುದು. ಬರೆಯುವವನು ಪ್ರತಿ ಎಸೆತಕ್ಕೂ ಒಂದು ತೀರ್ಮಾನ ಮಾಡಬೇಕು: ಈ ರನ್ ಬ್ಯಾಟರ್‌ನದೋ, ಇತರೆಯದೋ? ಬೌಲರ್ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ? ಈಗ ಸ್ಟ್ರೈಕ್‌ನಲ್ಲಿ ಇರುವವರು ಯಾರು? ಒಂದು ಇನಿಂಗ್ಸ್ ಹೀಗೆ ಬರೆದವರು ಆಟದ ನಿಯಮವನ್ನು ಹತ್ತು ವರ್ಷ ಬರಿದೇ ನೋಡಿದವರಿಗಿಂತ ಚೆನ್ನಾಗಿ ಅರಿಯುತ್ತಾರೆ.

ಟ್ವೆಂಟಿ–20 ಪಂದ್ಯದಿಂದ ಆರಂಭಿಸಿ. ಒಂದು ಇನಿಂಗ್ಸ್‌ಗೆ 120 ಸರಿಯಾದ ಎಸೆತ, ಸುಮಾರು ಒಂದೂವರೆ ಗಂಟೆ. ನೋಟ್‌ಬುಕ್ಕಿನ ಎದುರುಬದುರು ಎರಡು ಪುಟ ಸಾಕು. ಎಡಪುಟದಲ್ಲಿ ಬ್ಯಾಟಿಂಗ್: ಹನ್ನೊಂದು ಸಾಲು, ಪ್ರತಿ ಸಾಲಿನಲ್ಲಿ ಹೆಸರು, ರನ್ ಬರೆಯಲು ಉದ್ದನೆಯ ಜಾಗ, ಔಟಾದ ಬಗೆ, ಬೌಲರ್, ಒಟ್ಟು ರನ್, ಎದುರಿಸಿದ ಎಸೆತ. ಅದರ ಕೆಳಗೆ ಇತರೆ ರನ್‌ಗಳಿಗೆ ನಾಲ್ಕು ಸಾಲು: ಬೈ (ಬ್ಯಾಟಿಗೂ ಮೈಗೂ ತಗುಲದ ಚೆಂಡಿಗೆ ಓಡಿದ್ದು), ಲೆಗ್ ಬೈ (ಮೈಗೆ ತಗುಲಿದ ಚೆಂಡಿಗೆ ಓಡಿದ್ದು), ವೈಡ್, ನೋ ಬಾಲ್. ಬಲಪುಟದಲ್ಲಿ ಬೌಲಿಂಗ್: ಒಬ್ಬೊಬ್ಬ ಬೌಲರ್‌ಗೆ ಒಂದು ಸಾಲು, ಓವರಿಗೊಂದು ಚೌಕ. ಚೌಕವನ್ನು ಎರಡು ಸೆಂಟಿಮೀಟರ್‌ಗಿಂತ ಸಣ್ಣದಾಗಿ ಹಾಕಬೇಡಿ. ವೈಡು, ನೋ ಬಾಲು ಬಿದ್ದ ಓವರಿನಲ್ಲಿ ಒಂಬತ್ತು ಹತ್ತು ಗುರುತು ಹಿಡಿಸಬೇಕಾಗುತ್ತದೆ. ಬಲಪುಟದ ಕೆಳಗೆ ವಿಕೆಟ್ ಪತನದ ಪಟ್ಟಿ, ಪ್ರತಿ ಓವರ್ ಮುಗಿದಾಗಿನ ಮೊತ್ತ.

ಗುರುತುಗಳು ಹೀಗೆ. ರನ್ ಇಲ್ಲದ ಎಸೆತಕ್ಕೆ ಚುಕ್ಕಿ. ಬ್ಯಾಟಿನಿಂದ ಬಂದ ರನ್‌ಗೆ ಅದರ ಅಂಕಿ. ವೈಡ್‌ಗೆ ಪ್ಲಸ್ ಗುರುತು. ಅಂಪೈರ್ ಎರಡು ಕೈ ಚಾಚಿ ನಿಂತಿರುವ ಹಾಗೆಯೇ ಕಾಣುವುದರಿಂದ ಇದು ಮರೆಯುವುದಿಲ್ಲ. ವೈಡ್ ಆದಾಗ ಓಡಿ ರನ್ ತೆಗೆದರೆ ಒಂದೊಂದು ರನ್‌ಗೂ ಪ್ಲಸ್‌ನ ಒಂದೊಂದು ಮೂಲೆಯಲ್ಲಿ ಚುಕ್ಕಿ. ನೋ ಬಾಲ್‌ಗೆ ವೃತ್ತ, ಬ್ಯಾಟಿನಿಂದ ರನ್ ಬಂದರೆ ವೃತ್ತದೊಳಗೆ ಅಂಕಿ. ಬೈಗೆ ತುದಿ ಮೇಲಿರುವ ತ್ರಿಕೋನ, ಲೆಗ್ ಬೈಗೆ ತುದಿ ಕೆಳಗಿರುವ ತ್ರಿಕೋನ, ಒಳಗೆ ಎಷ್ಟು ರನ್ ಎಂಬ ಅಂಕಿ. ಬೌಲರ್‌ಗೆ ಸಲ್ಲುವ ವಿಕೆಟ್ ಬಿದ್ದರೆ ‘ಡಬ್ಲ್ಯೂ’. ಆರೂ ಚುಕ್ಕಿಯಾದ ಓವರನ್ನು ಮೂರು ಮೂರು ಚುಕ್ಕಿಯ ಎರಡು ಕಂಬವಾಗಿ ಬರೆದು, ಗೆರೆ ಎಳೆದು ಇಂಗ್ಲಿಷಿನ ‘ಎಂ’ ಅಕ್ಷರ ಮಾಡುತ್ತಾರೆ. ಅದೇ ಮೇಡನ್.

ಬಾಯಿಪಾಠಕ್ಕಿಂತ ಒಂದು ಓವರ್ ಬರೆದು ನೋಡುವುದು ಮೇಲು. ಬ್ಯಾಟರ್‌ಗಳು ‘ಕ’ ಮತ್ತು ‘ಖ’, ಸ್ಟ್ರೈಕ್‌ನಲ್ಲಿ ‘ಕ’, ಬೌಲರ್ ‘ಗ’ ಎಂದಿಟ್ಟುಕೊಳ್ಳಿ. ಮೊದಲ ಎಸೆತಕ್ಕೆ ರನ್ ಇಲ್ಲ: ಚುಕ್ಕಿ. ಎರಡನೆಯದಕ್ಕೆ ‘ಕ’ ಒಂಟಿ ರನ್ ಓಡಿದ: 1. ಈಗ ‘ಖ’ ಸ್ಟ್ರೈಕ್‌ಗೆ. ಮುಂದಿನದು ವೈಡ್, ಕೀಪರ್ ಕೈತಪ್ಪಿದ್ದರಿಂದ ಇಬ್ಬರೂ ಓಡಿ ತುದಿ ಬದಲಿಸಿದರು: ಒಂದು ಮೂಲೆಯಲ್ಲಿ ಚುಕ್ಕಿಯಿರುವ ಪ್ಲಸ್, ಒಟ್ಟು ಎರಡು ವೈಡ್ ರನ್. ಇದು ಓವರಿನ ಲೆಕ್ಕಕ್ಕಿಲ್ಲ. ಮೂರನೇ ಎಸೆತಕ್ಕೆ ‘ಕ’ ಬೌಂಡರಿ: 4. ಮುಂದಿನದು ನೋ ಬಾಲ್, ‘ಕ’ ಎರಡು ರನ್ ಹೊಡೆದ: ವೃತ್ತದೊಳಗೆ 2. ತಂಡಕ್ಕೆ ಮೂರು, ‘ಕ’ನಿಗೆ ಎರಡು, ಇತರೆಗೆ ಒಂದು. ನಾಲ್ಕನೇ ಎಸೆತಕ್ಕೆ ಒಂದು ಲೆಗ್ ಬೈ: ತಲೆಕೆಳಗಾದ ತ್ರಿಕೋನದೊಳಗೆ 1. ಐದನೆಯದಕ್ಕೆ ‘ಖ’ ಕ್ಯಾಚಿತ್ತು ಔಟ್: ಡಬ್ಲ್ಯೂ. ಆರನೆಯದನ್ನು ಹೊಸದಾಗಿ ಬಂದ ‘ಘ’ ಎದುರಿಸಿದ, ರನ್ ಇಲ್ಲ: ಚುಕ್ಕಿ.

ಈಗ ಲೆಕ್ಕ ತಾಳೆ ನೋಡಿ. ಬ್ಯಾಟಿನಿಂದ ‘ಕ’ ತಂದದ್ದು 1, 4, 2, ಒಟ್ಟು 7. ಇತರೆ: ವೈಡ್ 2, ನೋ ಬಾಲ್ 1, ಲೆಗ್ ಬೈ 1, ಒಟ್ಟು 4. ತಂಡದ ಮೊತ್ತ 11. ಬೌಲರ್ ಕೊಟ್ಟದ್ದು 10, ಏಕೆಂದರೆ ವೈಡ್ ಮತ್ತು ನೋ ಬಾಲ್ ಅವನ ಲೆಕ್ಕಕ್ಕೆ ಸೇರುತ್ತವೆ, ಬೈ ಮತ್ತು ಲೆಗ್ ಬೈ ಸೇರುವುದಿಲ್ಲ. ಹತ್ತಕ್ಕೆ ಆ ಒಂದು ಲೆಗ್ ಬೈ ಸೇರಿಸಿದರೆ ಮತ್ತೆ 11. ಎಸೆತಗಳನ್ನೂ ಹೀಗೇ ತಾಳೆ ನೋಡಬಹುದು. ‘ಕ’ ಎದುರಿಸಿದ್ದು 5, ‘ಖ’ 1, ‘ಘ’ 1, ಒಟ್ಟು ಏಳು. ಆರು ಸರಿಯಾದ ಎಸೆತ ಮತ್ತು ಒಂದು ನೋ ಬಾಲ್. ನೋ ಬಾಲ್ ಬ್ಯಾಟರ್ ಎದುರಿಸಿದ ಎಸೆತವೆಂದು ಎಣಿಕೆಯಾಗುತ್ತದೆ, ವೈಡ್ ಆಗುವುದಿಲ್ಲ. ಇಡೀ ಇನಿಂಗ್ಸ್‌ಗೂ ಇದೇ ಎರಡು ತಾಳೆ: ಬ್ಯಾಟರ್‌ಗಳ ರನ್ ಮತ್ತು ಇತರೆ ಕೂಡಿದರೆ ಮೊತ್ತ, ಬೌಲರ್‌ಗಳು ಕೊಟ್ಟದ್ದು ಮತ್ತು ಬೈ, ಲೆಗ್ ಬೈ ಕೂಡಿದರೂ ಅದೇ ಮೊತ್ತ. ದಂಡದ ಐದು ರನ್ ಏನಾದರೂ ಬಂದಿದ್ದರೆ ಅದನ್ನು ಎರಡೂ ಕಡೆ ಪ್ರತ್ಯೇಕವಾಗಿ ಸೇರಿಸಿ.

ತಾಳೆ ನೋಡುವುದನ್ನು ಇನಿಂಗ್ಸ್ ಮುಗಿಯುವವರೆಗೆ ಮುಂದೂಡಬೇಡಿ. ಐದೈದು ಓವರಿಗೊಮ್ಮೆ ಮಾಡಿದರೆ ತಪ್ಪು ಮೂವತ್ತು ಎಸೆತಗಳೊಳಗೆ ಸಿಗುತ್ತದೆ. ಕೊನೆಯಲ್ಲಿ ಒಂದು ರನ್ ವ್ಯತ್ಯಾಸ ಬಂದರೆ ಅದು ಬಹುಪಾಲು ಮೂರರಲ್ಲೊಂದು ಕಾರಣಕ್ಕೆ: ಲೆಗ್ ಬೈಯನ್ನು ಬ್ಯಾಟರ್ ಹೆಸರಿಗೆ ಬರೆದಿರುತ್ತೀರಿ, ವೈಡಿನಲ್ಲಿ ಓಡಿದ ರನ್ ಬಿಟ್ಟಿರುತ್ತೀರಿ, ಇಲ್ಲವೇ ನೋ ಬಾಲಿನ ಒಂದು ರನ್ ಮರೆತು ಹೊಡೆತವನ್ನಷ್ಟೇ ಕೂಡಿರುತ್ತೀರಿ. ಮೊದಲು ಅಲ್ಲೇ ಹುಡುಕಿ.

ಅಂಪೈರ್ ಸನ್ನೆ ಮಾಡುವವರೆಗೆ ಬರೆಯದಿರುವುದು ಇನ್ನೊಂದು ಒಳ್ಳೆಯ ಅಭ್ಯಾಸ. ಚೆಂಡು ಪ್ಯಾಡಿಗೆ ತಗುಲಿತೋ ಬ್ಯಾಟಿಗೋ ಎಂದು ನಮ್ಮ ಕಣ್ಣು ಹೇಳಿದ್ದಕ್ಕೆ ಬೆಲೆಯಿಲ್ಲ. ತೆರೆದ ಅಂಗೈ ತಲೆಯ ಮೇಲೆತ್ತಿದರೆ ಬೈ, ಎತ್ತಿದ ಮೊಣಕಾಲನ್ನು ಮುಟ್ಟಿದರೆ ಲೆಗ್ ಬೈ, ಬೆರಳ ತುದಿಯಿಂದ ಹೆಗಲು ಮುಟ್ಟಿದರೆ ಒಂದು ರನ್ ಪೂರ್ತಿ ಓಡಿಲ್ಲ, ಕಳೆಯಬೇಕು. ಮೈದಾನದಲ್ಲಿ ಸ್ಕೋರರ್ ಆಗಿ ಕೂತಾಗ ಪ್ರತಿ ಸನ್ನೆಗೂ ಕೈಯೆತ್ತಿ ‘ಕಂಡಿತು’ ಎಂದು ತೋರಿಸಲೇಬೇಕು. ಅಂಪೈರ್ ಅದಕ್ಕಾಗಿ ಕಾಯುತ್ತಾರೆ.

ಬಹಳ ಜನ ಎಡವುವ ಕೆಲವು ನಿಯಮಗಳಿವೆ. ರನ್‌ಔಟ್ ಬೌಲರ್‌ಗೆ ಸಲ್ಲುವುದಿಲ್ಲ, ಅವನ ಚೌಕದಲ್ಲಿ ಡಬ್ಲ್ಯೂ ಬರೆಯಬೇಡಿ. ಬೌಲ್ಡ್, ಕ್ಯಾಚ್, ಎಲ್‌ಬಿಡಬ್ಲ್ಯೂ, ಸ್ಟಂಪಿಂಗ್, ಹಿಟ್ ವಿಕೆಟ್ ಮಾತ್ರ ಸಲ್ಲುತ್ತವೆ. ವೈಡ್ ಎಸೆತಕ್ಕೆ ಸ್ಟಂಪ್ ಆಗಬಹುದು. ನೋ ಬಾಲಿಗೆ ಸ್ಟಂಪ್ ಇಲ್ಲ, ರನ್‌ಔಟ್ ಉಂಟು. ನೋ ಬಾಲಿನಲ್ಲಿ ಬ್ಯಾಟಿಗೆ ತಗುಲದೆ ಓಡಿದ ರನ್‌ಗಳನ್ನು ಹಿಂದೆ ನೋ ಬಾಲ್ ಎಂದೇ ಬರೆಯುತ್ತಿದ್ದರು. 2017ರ ನಿಯಮಾವಳಿಯಿಂದೀಚೆಗೆ ಅವು ಬೈ ಅಥವಾ ಲೆಗ್ ಬೈ, ಬೌಲರ್ ತಲೆಗೆ ಆ ಒಂದು ರನ್ ಮಾತ್ರ. ಕ್ಯಾಚಾದಾಗ ಬ್ಯಾಟರ್‌ಗಳು ಓಡುತ್ತಾ ಒಬ್ಬರನ್ನೊಬ್ಬರು ದಾಟಿದ್ದರೂ ಹೊಸಬನೇ ಸ್ಟ್ರೈಕ್‌ಗೆ ಬರಬೇಕೆನ್ನುವುದು 2022ರ ಅಕ್ಟೋಬರಿನಿಂದ ಜಾರಿಗೆ ಬಂದ ಬದಲಾವಣೆ. ಆ ಕ್ಯಾಚು ಓವರಿನ ಕೊನೆಯ ಎಸೆತಕ್ಕಾಗಿದ್ದರೆ ಮಾತ್ರ ಮುಂದಿನ ಓವರ್ ಇನ್ನೊಬ್ಬನಿಂದ ಶುರು. ಬೈ, ಲೆಗ್ ಬೈ ಬಂದರೂ ಮೇಡನ್ ಮೇಡನ್ನೇ, ವೈಡ್ ಬಂದರೆ ಅಲ್ಲ. ಬಡಾವಣೆಯ ಟೆನಿಸ್ ಬಾಲ್ ಪಂದ್ಯಗಳಲ್ಲಿ ಲೆಗ್ ಬೈ ಇಲ್ಲ, ವೈಡಿಗೆ ಓಡುವಂತಿಲ್ಲ ಎಂಬಂಥ ಸ್ಥಳೀಯ ಕಟ್ಟಳೆ ಇರುತ್ತದೆ. ಟಾಸ್‌ಗೆ ಮೊದಲೇ ಎರಡೂ ಕ್ಯಾಪ್ಟನ್‌ಗಳನ್ನು ಕೇಳಿ ಹಾಳೆಯ ಮೇಲೆ ಬರೆದುಕೊಳ್ಳಿ. ಇದೊಂದನ್ನು ಮಾಡಿದರೆ ಅರ್ಧ ಜಗಳ ಆಗುವುದೇ ಇಲ್ಲ.

ಬೌಲಿಂಗ್ ಅಂಕಿಯನ್ನು ಓದುವ ಕ್ರಮವೂ ಗೊತ್ತಿರಬೇಕು. 1999ರ ಫೆಬ್ರುವರಿಯಲ್ಲಿ ದೆಹಲಿಯ ಫಿರೋಜ್‌ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತ ನಮ್ಮ ಅನಿಲ್ ಕುಂಬ್ಳೆಯವರ ಲೆಕ್ಕ 26.3–9–74–10. ಓವರು, ಮೇಡನ್, ರನ್, ವಿಕೆಟ್ ಎಂಬ ಕ್ರಮ. ಇಲ್ಲಿ 26.3 ದಶಮಾಂಶವಲ್ಲ, 26 ಓವರ್ ಮತ್ತು ಮೂರು ಎಸೆತ, ಅಂದರೆ 159 ಎಸೆತ. ಓವರಿಗೆ ಎಷ್ಟು ರನ್ ಎಂದು ತಿಳಿಯಲು 74ನ್ನು 26.3ರಿಂದ ಭಾಗಿಸಿದರೆ ತಪ್ಪು ಬರುತ್ತದೆ, 26.5ರಿಂದ ಭಾಗಿಸಬೇಕು. ಸಿಗುವುದು 2.79.

ಎರಡು ಮೂರು ಪಂದ್ಯ ಆದಮೇಲೆ ಬೌಲರಿಗೊಂದು ಬಣ್ಣ ಕೊಡಿ. ನೀಲಿ ಪೆನ್ನಿನಲ್ಲಿ ಒಬ್ಬ, ಕೆಂಪಿನಲ್ಲಿ ಇನ್ನೊಬ್ಬ. ಬ್ಯಾಟರ್ ಸಾಲಿನಲ್ಲೂ ಆಯಾ ಬೌಲರಿನ ಬಣ್ಣದಲ್ಲೇ ರನ್ ಬರೆಯಿರಿ. ಒಬ್ಬ ಬ್ಯಾಟರ್ ಸ್ಪಿನ್ನರನ್ನು ಎದುರಿಸುವಾಗ ಚುಕ್ಕಿಯ ಮೇಲೆ ಚುಕ್ಕಿ ಕೂಡಿಸಿಕೊಂಡದ್ದು, ವೇಗಿಯನ್ನು ಮಾತ್ರ ದಂಡಿಸಿದ್ದು ಆಗ ಹಾಳೆಯ ಮೇಲೆಯೇ ಕಾಣುತ್ತದೆ. ವೀಕ್ಷಕ ವಿವರಣೆಕಾರರು ಹೇಳುವ ಮೊದಲೇ ನಿಮಗೆ ಗೊತ್ತಾಗಿರುತ್ತದೆ.

ತಾಳ ಹಾಕಿ ಕಚೇರಿ ಕೇಳುವುದು

ಕಚೇರಿಯಲ್ಲಿ ರಾಗ ಗುರುತಿಸುವುದೇ ರಸಿಕತೆಯ ಪರೀಕ್ಷೆ ಎಂದು ಹೊಸಬರು ಹೆದರುತ್ತಾರೆ. ರಾಗಕ್ಕೆ ಕಾಲ ಬೇಕು. ತಾಳ ಒಂದು ವಾರದಲ್ಲಿ ಕೈಗೆ ಬರುತ್ತದೆ, ಮತ್ತು ತಾಳ ಕೈಯಲ್ಲಿದ್ದರೆ ಸ್ವರಕಲ್ಪನೆ (ಗಾಯಕರು ಅಲ್ಲೇ ಹೆಣೆದು ಹಾಡುವ ಸ್ವರಗಳು), ತನಿ ಆವರ್ತನ (ಮೃದಂಗದಂಥ ತಾಳವಾದ್ಯಗಳಿಗೇ ಬಿಟ್ಟ ಭಾಗ) ಇವುಗಳ ಸೊಗಸು ಅಂದೇ ತೆರೆದುಕೊಳ್ಳುತ್ತದೆ. ಆದ್ದರಿಂದ ಮೊದಲು ತಾಳ.

ಆದಿ ತಾಳಕ್ಕೆ ಎಂಟು ಎಣಿಕೆ: ನಾಲ್ಕರ ಒಂದು ಲಘು, ಎರಡೆರಡರ ಎರಡು ದ್ರುತ. ಬಲಗೈಯನ್ನು ತೊಡೆಯ ಮೇಲೆ ಒಮ್ಮೆ ತಟ್ಟಿ, ಅದು ಒಂದು. ಕಿರುಬೆರಳು ಎರಡು, ಉಂಗುರಬೆರಳು ಮೂರು, ನಡುಬೆರಳು ನಾಲ್ಕು. ಆಮೇಲೆ ಪೆಟ್ಟು ಐದು, ಅಂಗೈ ಮೇಲ್ಮಾಡಿದ ಹುಸಿ ಆರು, ಪೆಟ್ಟು ಏಳು, ಹುಸಿ ಎಂಟು. ಕಲಿಯುವವರೆಲ್ಲ ಮಾಡುವ ತಪ್ಪು ಒಂದಿದೆ: ತಟ್ಟಿದ್ದನ್ನು ಲೆಕ್ಕಕ್ಕಿಡದೆ ನಾಲ್ಕು ಬೆರಳೆಣಿಸಿ ಲಘುವನ್ನು ಐದು ಮಾಡಿಬಿಡುವುದು. ಪೆಟ್ಟೇ ಮೊದಲನೆಯ ಎಣಿಕೆ, ಬೆರಳು ಮೂರೇ.

ರೂಪಕವನ್ನು ಕಚೇರಿಯಲ್ಲಿ ಸಾಮಾನ್ಯವಾಗಿ ಎರಡು ಪೆಟ್ಟು, ಒಂದು ಹುಸಿ ಎಂದು ಮೂರೆಣಿಕೆಯಲ್ಲಿ ಹಾಕುತ್ತಾರೆ. ಮಿಶ್ರ ಛಾಪು ಏಳರದು: ‘ತಕಿಟ ತಕಧಿಮಿ’ ಎಂದು ಬಾಯಲ್ಲಿ ಹೇಳುತ್ತ ಒಂದನೆಯ, ನಾಲ್ಕನೆಯ, ಆರನೆಯ ಅಕ್ಷರಕ್ಕೆ ತಟ್ಟಿದರೆ ಆಯಿತು. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಈ ತಾಳದ್ದೇ, ಮನೆಯಲ್ಲಿ ಅದನ್ನು ಹಾಕಿಕೊಂಡು ಕೈ ಕೂಡಿಸಿ. ಖಂಡ ಛಾಪು ಐದರದು: ‘ತಕ ತಕಿಟ’, ಒಂದಕ್ಕೂ ಮೂರಕ್ಕೂ ಪೆಟ್ಟು. ಈ ನಾಲ್ಕು ತಾಳ ಬಂದರೆ ಸಾಮಾನ್ಯ ಕಚೇರಿಯ ಬಹುಪಾಲು ಕೃತಿಗಳಿಗೆ ಸಾಕು.

ಮೊದಲ ಮೂರು ದಿನ ಹಾಡಿಲ್ಲದೆ ಅಭ್ಯಾಸ ಮಾಡಿ. ಮೆಟ್ರೊನೋಮ್ ಆ್ಯಪನ್ನು ನಿಮಿಷಕ್ಕೆ 60ಕ್ಕೆ ಇಟ್ಟು ದಿನಕ್ಕೆ ಹತ್ತು ನಿಮಿಷ ಆದಿ ತಾಳ. ಕೈ ಹಾಕುತ್ತಲೇ ಪ್ರತಿ ಎಣಿಕೆಗೆ ‘ತಕಧಿಮಿ’ ಎಂದು ನಾಲ್ಕಕ್ಷರ ಹೇಳಿ. ಅದು ಕೂತ ಮೇಲೆ ಕೈಯ ವೇಗ ಬದಲಿಸದೆ ‘ತಕಿಟ’ ಹೇಳಿ, ಎಣಿಕೆಗೆ ಮೂರು. ಆಮೇಲೆ ‘ತಕತಕಿಟ’, ಎಣಿಕೆಗೆ ಐದು. ಬಾಯಿಯ ನಡೆ ಬದಲಾದಾಗ ಕೈ ಅಲುಗದಿರುವುದೇ ಇಲ್ಲಿಯ ಸಾಧನೆ. ತನಿ ಆವರ್ತನದಲ್ಲಿ ಮೃದಂಗದವರು ಚತುರಶ್ರದಿಂದ (ನಾಲ್ಕರಿಂದ) ತಿಶ್ರಕ್ಕೋ (ಮೂರಕ್ಕೋ) ಖಂಡಕ್ಕೋ (ಐದಕ್ಕೋ) ನಡೆ ಬದಲಿಸಿದಾಗ ಕೇಳುಗರ ತಾಳ ತಪ್ಪುವುದು ಇದೇ ಕಾರಣಕ್ಕೆ: ಕೈ ಅವರ ನುಡಿಕಾರದ ಹಿಂದೆ ಓಡುತ್ತದೆ.

ನಂತರದ ಹೆಜ್ಜೆ ಎಡುಪು, ಅಂದರೆ ಹಾಡು ತಾಳದ ಯಾವ ಜಾಗದಲ್ಲಿ ಎತ್ತಿಕೊಳ್ಳುತ್ತದೆ ಎನ್ನುವುದು. ನೋಟ್‌ಬುಕ್ಕಿನಲ್ಲಿ ಎಂಟು ಚೌಕ ಬರೆದು ಒಂದೊಂದನ್ನೂ ನಾಲ್ಕಾಗಿ ಸೀಳಿ, ಒಟ್ಟು 32 ಮನೆ. ಪಲ್ಲವಿಯ ಮೊದಲ ಅಕ್ಷರ ಯಾವ ಮನೆಯಲ್ಲಿ ಬಿತ್ತೋ ಅಲ್ಲಿ ಗುರುತು ಹಾಕಿ. ಮೊದಲ ಪೆಟ್ಟಿನ ಜೊತೆಗೇ ಬಂದರೆ ಸಮ. ಅರ್ಧ ಎಣಿಕೆ ಬಿಟ್ಟು ಬಂದರೆ ಮೊದಲ ಚೌಕದ ಮೂರನೇ ಮನೆ, ಒಂದೂವರೆ ಬಿಟ್ಟರೆ ಎರಡನೇ ಚೌಕದ ಮೂರನೇ ಮನೆ. ಇವೆರಡೂ ಅನಾಗತ. ಈ ಗುರುತಿನ ಉಪಯೋಗ ಸ್ವರಕಲ್ಪನೆಯಲ್ಲಿ ತಿಳಿಯುತ್ತದೆ. ಗಾಯಕರು ಎಷ್ಟೇ ದೂರ ಸುತ್ತಿದರೂ ಸ್ವರ ಹೊರಳಿ ಬಂದು ಸೇರಬೇಕಾದದ್ದು ಆ ಮನೆಗೇ. ಎಲ್ಲಿಗೆ ಬರಬೇಕೆಂದು ನಿಮಗೆ ಮೊದಲೇ ಗೊತ್ತಿದ್ದರೆ ಕೊನೆಯ ಎರಡು ಆವರ್ತದ (ತಾಳದ ಪೂರ್ತಿ ಸುತ್ತಿನ) ಲೆಕ್ಕಾಚಾರ ರೋಮಾಂಚನಗೊಳಿಸುತ್ತದೆ. ತನಿಯ ಕೊನೆಯ ಕೋರ್ವೆಯನ್ನು (ಲೆಕ್ಕ ಹಾಕಿ ಹೆಣೆದ ಮುಕ್ತಾಯದ ನುಡಿತವನ್ನು) ಮೂರು ಸಲ ನುಡಿಸಿ ಪಲ್ಲವಿಯ ಎಡುಪಿಗೆ ತಂದು ಬಿಡುವುದೂ ಹೀಗೆಯೇ. ಮೊದಲ ಸಲ ಕೇಳುವಾಗ ಅದರ ಆಕಾರ ಗಮನಿಸಿ, ಎರಡನೇ ಸಲ ಉದ್ದ, ಮೂರನೆಯದಕ್ಕೆ ಕೈ ಬಿಡದೆ ಜೊತೆಗಿರಿ.

ವಿಳಂಬದ ಕೃತಿಗಳಲ್ಲಿ ಎರಡು ಕಳೆ ಬರುತ್ತದೆ. ಪೆಟ್ಟು, ಬೆರಳು, ಹುಸಿ ಪ್ರತಿಯೊಂದನ್ನೂ ಎರಡೆರಡು ಸಲ ತೋರಿಸುತ್ತಾರೆ. ವೇದಿಕೆಯ ಮೇಲಿನವರ ಕೈ ನೋಡಿಕೊಂಡು ಹಾಕುವುದೇ ಸುಲಭ. ತಾಳ ತಪ್ಪಿದರೆ ಗಾಬರಿ ಬೇಡ: ಕೈ ನಿಲ್ಲಿಸಿ, ಗಾಯಕರ ಕೈಯಲ್ಲಿ ಕಿರುಬೆರಳು ಬರುವುದನ್ನೇ ಕಾದು ಎರಡರಿಂದ ಸೇರಿಕೊಳ್ಳಿ. ಪೆಟ್ಟುಗಳು ಮೂರು ಇವೆ, ಗೊಂದಲವಾಗುತ್ತದೆ. ಕಿರುಬೆರಳು ಒಂದೇ. ತಟ್ಟುವ ಸದ್ದು ಪಕ್ಕದವರಿಗೆ ಕೇಳಬಾರದು. ಎರಡು ಬೆರಳಿನಿಂದ ತೊಡೆ ಮುಟ್ಟಿದರೆ ಸಾಕು.

ಧಾರವಾಡ, ಹುಬ್ಬಳ್ಳಿ ಕಡೆ ಹಿಂದುಸ್ತಾನಿ ಕೇಳುವವರಿಗೆ ಬೇರೆ ಉಪಾಯ. ವಿಳಂಬಿತ್ ಏಕ್‌ತಾಲಿನ ಹನ್ನೆರಡು ಮಾತ್ರೆಯನ್ನು ಕೈಯಲ್ಲಿ ಎಣಿಸುತ್ತ ಕೂತರೆ ಬೇಸತ್ತುಹೋಗುತ್ತದೆ. ತಬಲಾದ ಠೇಕಾ (ಆ ತಾಳಕ್ಕೆ ಗೊತ್ತಾದ ನುಡಿ) ಕೇಳಿ: ‘ತಿರಕಿಟ’ ನಾಲ್ಕನೆಯ ಮತ್ತು ಹತ್ತನೆಯ ಮಾತ್ರೆಯಲ್ಲಿ ಬರುತ್ತದೆ. ಎರಡನೆಯ ತಿರಕಿಟದ ನಂತರ ‘ಧೀ ನಾ’, ಆಮೇಲೆ ಸಮ್, ಅಂದರೆ ಮೊದಲ ಮಾತ್ರೆ. ತೀನ್‌ತಾಲಿನ ಹದಿನಾರರಲ್ಲಿ ಪೆಟ್ಟು 1, 5, 13ಕ್ಕೆ, ಖಾಲಿ (ಹುಸಿ) 9ಕ್ಕೆ. ಬಾಯಾಂನ (ಎಡಗೈಯಲ್ಲಿ ನುಡಿಸುವ ತಬಲಾದ) ಗುಂಗು ಕಡಿಮೆಯಾದ ಕಡೆಯೇ ಖಾಲಿ ಎಂದು ಕಿವಿಯಿಂದಲೂ ಹಿಡಿಯಬಹುದು.

ರಾಗಕ್ಕೆ ಬರುವುದಾದರೆ, ಜೋಡಿಯಾಗಿ ಕಲಿಯಿರಿ. ತಂಬೂರಿಯ ಷಡ್ಜವನ್ನು ಮೆಲ್ಲಗೆ ಗುನುಗಿಕೊಂಡು ಪ್ರಶ್ನೆ ಒಂದೊಂದಾಗಿ ಕೇಳಿಕೊಳ್ಳಿ. ಶಂಕರಾಭರಣಕ್ಕೂ ಕಲ್ಯಾಣಿಗೂ ಮಧ್ಯಮವೊಂದೇ ವ್ಯತ್ಯಾಸ, ಮೊದಲನೆಯದಕ್ಕೆ ಶುದ್ಧ, ಎರಡನೆಯದಕ್ಕೆ ಪ್ರತಿ. ಮೇಳಕರ್ತದಲ್ಲಿ (ಮೂಲರಾಗಗಳ ಕ್ರಮಸಂಖ್ಯೆಯ ಪಟ್ಟಿಯಲ್ಲಿ) ಅವು 29 ಮತ್ತು 65, ನಡುವಿನ ಅಂತರ 36. ಯಾವ ಶುದ್ಧ ಮಧ್ಯಮ ಮೇಳಕ್ಕೂ 36 ಕೂಡಿದರೆ ಅದರ ಪ್ರತಿ ಮಧ್ಯಮದ ಜೋಡಿ ಸಿಗುತ್ತದೆ. ಐದು ಸ್ವರದವುಗಳಲ್ಲಿ ಮೋಹನಕ್ಕೂ ಹಂಸಧ್ವನಿಗೂ ಸ, ರಿ, ಗ, ಪ ಒಂದೇ. ಮೋಹನದಲ್ಲಿ ಧೈವತ ಉಂಟು, ಹಂಸಧ್ವನಿಯಲ್ಲಿ ಅದರ ಬದಲು ಷಡ್ಜಕ್ಕೆ ಅಂಟಿಕೊಂಡ ನಿಷಾದ. ಶುದ್ಧ ಸಾವೇರಿಗೂ ಮಧ್ಯಮಾವತಿಗೂ ಸ, ರಿ, ಮ, ಪ ಸಮಾನ. ಕೊನೆಯ ಸ್ವರ ಒಂದರಲ್ಲಿ ಧೈವತ, ಇನ್ನೊಂದರಲ್ಲಿ ಕೈಶಿಕಿ ನಿಷಾದ. ತಿಂಗಳಿಗೆ ಎರಡು ಜೋಡಿಗಿಂತ ಹೆಚ್ಚು ಬೇಡ. ಸ್ವರ ಗೊತ್ತಾದ ಮಾತ್ರಕ್ಕೆ ರಾಗ ಗೊತ್ತಾಯಿತೆಂದಲ್ಲ. ಕಲ್ಯಾಣಿಯ ಗಮಕ (ಸ್ವರವನ್ನು ಅಲುಗಿಸುವ ಬಗೆ) ಕಲ್ಯಾಣಿಯದೇ, ಅದು ಕೇಳಿ ಕೇಳಿಯೇ ಕಿವಿಗಿಳಿಯಬೇಕು.

ಕಚೇರಿಯ ಪುಟದಲ್ಲಿ ಇಷ್ಟು ಅಂಕಣ ಸಾಕು: ಶುರುವಾದ ಸಮಯ, ಕೃತಿ, ರಾಗ, ತಾಳ, ಎಡುಪು, ವಾಗ್ಗೇಯಕಾರ, ಸೇರಿಸಿದ್ದೇನು (ಆಲಾಪನೆ, ನೆರವಲ್ ಎಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು, ಸ್ವರ, ತನಿ). ಗೊತ್ತಿಲ್ಲದ ಕಡೆ ಪ್ರಶ್ನೆ ಹಾಕಿ, ಪಲ್ಲವಿಯ ಎರಡು ಪದ ಬರೆದಿಡಿ, ಮನೆಯಲ್ಲಿ ಹುಡುಕಲು ಅದೇ ಆಧಾರ. ಮೊಬೈಲ್ ತೆರೆದು ಅಲ್ಲೇ ಹುಡುಕಬೇಡಿ. ಪರದೆಯ ಬೆಳಕಿನಿಂದ ಹಿಂದಿನ ಸಾಲಿನವರಿಗೆ ತೊಂದರೆ, ನಿಮಗೆ ಆಲಾಪನೆಯ ಎರಡು ನಿಮಿಷ ನಷ್ಟ. ಬೆಂಗಳೂರು ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಉತ್ಸವದಂಥ ಕಡೆ ದಿನದಿನವೂ ಕಚೇರಿ ಇರುತ್ತದೆ. ನಾಲ್ಕು ದಿನ ಸತತವಾಗಿ ಹೋಗಿ ಬರೆದರೆ ಅದೇ ರಾಗ ಬೇರೆ ಕಂಠದಲ್ಲಿ ಮತ್ತೆ ಬರುತ್ತದೆ, ಹಿಂದಿನ ಪುಟದ ಪ್ರಶ್ನೆಚಿಹ್ನೆ ತಾನಾಗಿ ಅಳಿಯುತ್ತದೆ.

ಸುಳಿವು ಹೆಕ್ಕುತ್ತ ಓದುವುದು

ಪತ್ತೇದಾರಿ ಕಾದಂಬರಿಗಳಲ್ಲಿ ಎರಡು ಜಾತಿ. ಒಂದರಲ್ಲಿ ಓಟ, ವೇಷಾಂತರ, ಅಪಾಯ. ಇನ್ನೊಂದರಲ್ಲಿ ಓದುಗನಿಗೂ ಪತ್ತೇದಾರನಿಗೂ ಒಂದೇ ಸುಳಿವು ಕೊಟ್ಟು ಪೈಪೋಟಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾಲದಿಂದ ಕನ್ನಡ ಓದುಗರು ಮೊದಲ ಜಾತಿಯನ್ನು ಬಾಡಿಗೆ ಪುಸ್ತಕದಂಗಡಿಗಳಿಂದ ತಂದು ಒಂದೇ ರಾತ್ರಿ ಮುಗಿಸಿದ್ದಾರೆ. ಅದನ್ನು ಹಾಗೇ ಓದಬೇಕು, ಪೆನ್ಸಿಲ್ ಬೇಡ. ಇಲ್ಲಿಯ ಕ್ರಮ ಎರಡನೆಯ ಜಾತಿಗೆ. ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಕಾದಂಬರಿಗೆ ಹತ್ತು ಕಟ್ಟಳೆ ಬರೆದಿದ್ದರು. ಅವುಗಳಲ್ಲಿ ಎರಡು ಓದುಗನಿಗೆ ನೇರವಾಗಿ ಉಪಯೋಗ: ಅಪರಾಧಿ ಕಥೆಯ ಮೊದಲ ಭಾಗದಲ್ಲೇ ಕಾಣಿಸಿಕೊಂಡಿರಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ತೋರಿರಬೇಕು. ಆದ್ದರಿಂದ ಮೊದಲ ಕಾಲುಭಾಗವನ್ನು ನಿಧಾನವಾಗಿ ಓದಿ.

ಬಿಡಿ ಹಾಳೆಯಲ್ಲಿ ನಾಲ್ಕು ಅಂಕಣ ಹಾಕಿ: ಪುಟ, ಸಮಯ, ಏನಾಯಿತು, ಯಾರು ಹೇಳಿದ್ದು. ಕೊನೆಯ ಅಂಕಣವೇ ಮುಖ್ಯ. ‘ರಾತ್ರಿ ಒಂಬತ್ತಕ್ಕೆ ಯಜಮಾನರು ಕೋಣೆಯಲ್ಲಿ ಮಾತಾಡುತ್ತಿದ್ದರು’ ಎನ್ನುವುದನ್ನು ಲೇಖಕರೇ ನಿರೂಪಿಸಿದ್ದಾರೋ, ಅಡುಗೆಯವನು ಹೇಳಿದ್ದೋ, ಅಡುಗೆಯವನು ಬಾಗಿಲಾಚೆಯಿಂದ ದನಿ ಮಾತ್ರ ಕೇಳಿದ್ದೋ? ಮೂರೂ ಬೇರೆ ಬೇರೆ. ನಿರೂಪಣೆಯಲ್ಲಿ ಬಂದರೆ ನಿ, ಕಣ್ಣಾರೆ ಕಂಡವರ ಮಾತಾದರೆ ಕ, ಕೇಳಿದ್ದಾದರೆ ಕೇ ಎಂದು ಗುರುತಿಸಿ. ಕೊಲೆಯ ಹೊತ್ತಿನ ಸುತ್ತ ‘ಕೇ’ ಹೆಚ್ಚಾಗಿದ್ದರೆ ಲೇಖಕರು ಸಮಯವನ್ನು ತಿರುಚಿದ್ದಾರೆಂದು ಶಂಕಿಸಬಹುದು. ಓದುಗರ ಊಹೆ ಕೆಡುವುದು ಹೆಚ್ಚಾಗಿ ಇಲ್ಲೇ, ಪಾತ್ರವೊಂದರ ಮಾತನ್ನು ನಡೆದ ಸಂಗತಿಯೆಂದು ನಂಬಿದಾಗ.

ಸುಳಿವು ಅಡಗಿಸುವ ಜಾಗಗಳೂ ಗೊತ್ತಿರಲಿ. ಮೇಜಿನ ಮೇಲಿದ್ದ ಐದಾರು ವಸ್ತುಗಳ ಪಟ್ಟಿ ಬಂದರೆ ನಡುವಿನವನ್ನು ಎರಡು ಸಲ ಓದಿ, ಕಣ್ಣು ಮೊದಲಿನದನ್ನೂ ಕೊನೆಯದನ್ನೂ ಮಾತ್ರ ಹಿಡಿಯುತ್ತದೆ. ಕಿರುಚಾಟ, ಗುಂಡಿನ ಸದ್ದಿನಂಥ ಗದ್ದಲಕ್ಕೆ ಸರಿಯಾಗಿ ಮುಂಚಿನ ಸಾಲಿನಲ್ಲಿ ಒಂದು ಸಾಧಾರಣ ವಿವರ ಇದ್ದರೆ ಗೆರೆ ಹಾಕಿ. ಇರಬೇಕಾದ್ದು ಇಲ್ಲದಿರುವುದೂ ಸುಳಿವೇ: ಮಳೆ ಬಂದ ರಾತ್ರಿ ಒದ್ದೆಯಾಗದ ಚಪ್ಪಲಿ, ಓದುಗನೊಬ್ಬನ ಮೇಜಿನ ಮೇಲೆ ಕಾಣದ ಕನ್ನಡಕ.

ಶವಪರೀಕ್ಷೆಯ ಮಾತು ಬಂದಾಗ ಎಚ್ಚರ. ಶವ ಸೆಡೆಯುವುದು ರೆಪ್ಪೆ, ದವಡೆ, ಕತ್ತಿನಲ್ಲಿ ಮೊದಲು ಕಂಡು ಕೆಳಗಿಳಿಯುತ್ತದೆ. ಬಿಸಿಯಿದ್ದಲ್ಲಿ ಬೇಗ ಬಂದು ಬೇಗ ಬಿಡುತ್ತದೆ, ಚಳಿಯಲ್ಲಿ ತಡ. ಅದರಿಂದ ಸಿಗುವುದು ಕೆಲವು ಗಂಟೆಗಳ ಅಂದಾಜು ಮಾತ್ರ. ವೈದ್ಯರು ‘ಸರಿಯಾಗಿ 10.15ಕ್ಕೆ’ ಎಂದರೆ ಆ ಸಾಲಿನ ಪಕ್ಕ ಪ್ರಶ್ನೆ ಹಾಕಿ. ನಮ್ಮ ನೆಲದ ಕಥೆಗಳಲ್ಲಿ ಕಾನೂನಿನ ಸಂಖ್ಯೆಯಿಂದ ಕಾಲ ತಿಳಿಯುತ್ತದೆ. ಕೊಲೆಗೆ 302 ಎಂದಿದ್ದರೆ ಹಳೆಯ ದಂಡಸಂಹಿತೆ. 2024ರ ಜುಲೈ 1ರಿಂದ ನಡೆದ ಅಪರಾಧಕ್ಕೆ ಭಾರತೀಯ ನ್ಯಾಯ ಸಂಹಿತೆಯ 103. ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ ಎನ್ನುವುದು ಅಂದೂ ಇಂದೂ ಒಂದೇ. ಇನ್‌ಸ್ಪೆಕ್ಟರ್ ಎದುರು ಕಣ್ಣೀರಿಟ್ಟು ಒಪ್ಪಿಕೊಂಡಲ್ಲಿಗೆ ಪ್ರಕರಣ ಮುಗಿದರೆ ಲೇಖಕರು ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆ. ಆ ಒಪ್ಪಿಗೆಯಿಂದ ಹುಗಿದಿಟ್ಟ ಆಯುಧವೊಂದು ಸಿಕ್ಕರೆ, ಅಷ್ಟು ಭಾಗ ಮಾತ್ರ ನಿಲ್ಲುತ್ತದೆ.

ಮುಕ್ಕಾಲು ಭಾಗ ಮುಗಿದಲ್ಲಿ, 160 ಪುಟದ ಪುಸ್ತಕವಾದರೆ 120ರ ಹತ್ತಿರ, ಓದು ನಿಲ್ಲಿಸಿ. ಎಲರಿ ಕ್ವೀನ್ ಹೆಸರಿನಲ್ಲಿ ಬಂದ ಆರಂಭದ ಕಾದಂಬರಿಗಳಲ್ಲಿ ಇಂಥ ಜಾಗದಲ್ಲಿ ಓದುಗನಿಗೆ ನೇರ ಸವಾಲನ್ನೇ ಅಚ್ಚು ಹಾಕುತ್ತಿದ್ದರು. ಉಳಿದವುಗಳಲ್ಲಿ ನಾವೇ ನಿಲ್ಲಿಸಿಕೊಳ್ಳಬೇಕು. ಹಾಳೆಯ ಹಿಂಬದಿಯಲ್ಲಿ ಮೂರು ಸಾಲು: ಯಾರು, ಹೇಗೆ, ಯಾವ ಪುಟದ ಆಧಾರದಿಂದ. ‘ಯಾರು’ ಮಾತ್ರ ಬರೆದು ಗೆದ್ದರೆ ಅದು ಅದೃಷ್ಟ. ಪುಟದ ಸಂಖ್ಯೆ ಬರೆಯಲೇಬೇಕು.

ಊಹೆ ತಪ್ಪಾದರೆ ಪುಸ್ತಕ ವಾಪಸು ಕೊಡುವ ಮೊದಲು ಅರ್ಧ ಗಂಟೆ ಇಟ್ಟುಕೊಳ್ಳಿ. ಪತ್ತೇದಾರ ಕೊನೆಯಲ್ಲಿ ಬಿಡಿಸಿ ಹೇಳಿದ ಪ್ರತಿ ಸುಳಿವಿಗೂ ಹಿಂದಕ್ಕೆ ಹೋಗಿ ಅದು ಮೊದಲು ಬಂದ ಪುಟ ಹುಡುಕಿ, ನಿಮ್ಮ ಹಾಳೆಯಲ್ಲಿ ಆ ಸಾಲು ಇದೆಯೋ ಇಲ್ಲವೋ ನೋಡಿ. ಇದ್ದೂ ತಪ್ಪಿದ್ದರೆ ಅದರ ಕೊನೆಯ ಅಂಕಣದಲ್ಲಿ ‘ಕೇ’ ಎಂದಿರಬೇಕಾದಲ್ಲಿ ‘ನಿ’ ಎಂದು ಬರೆದಿದ್ದೀರಾ ಎಂದು ಪರೀಕ್ಷಿಸಿ.